ಊಟ ಬಿಟ್ಟು ಮಲಗುವ ಮನೆ

ನನ್ನ ತಂಗಿಗೆ ಇರಲು ಜಾಗ ಬೇಕಾಗಿದ್ದಾಗ ನಾನು ಕೊಡಲಿಲ್ಲ. ಅವಳು ಬಾಯಿಬಿಟ್ಟು ಕೇಳಿದ್ದಳು. ನಾನು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಯಾವ ಬಾಗಿಲಿನಿಂದ ಹೊರಟು ಬಂದಿದ್ದಳೋ ಅದೇ ಬಾಗಿಲಲ್ಲಿ ಬಿಟ್ಟು ಬಂದೆ. ಅದೇ ವಾರ ಕಾರವಾರದ ಒಂದು ಸಭೆಯಲ್ಲಿ ಎದ್ದು ನಿಂತು, ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಬದಿಯಲ್ಲಿ ನೆಲೆಯಿಲ್ಲದ ಹುಡುಗಿಯರು ಇಲ್ಲ ಎಂದು ಹೇಳಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಬಿಡಬಹುದು.

ನನ್ನ ಹೆಸರು ಈಶ್ವರ. ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಹೊನ್ನಾವರದ ಒಂದು ಸಣ್ಣ ಸಂಸ್ಥೆಯಲ್ಲಿ, ತಲೆಗೂದಲು ಪೂರ್ತಿ ಬಿಳಿಯಾಗುವವರೆಗೆ ಕೆಲಸ ಮಾಡಿದೆ. ಇರಲು ಜಾಗವಿಲ್ಲದ ಹುಡುಗ ಹುಡುಗಿಯರಿಗಾಗಿ ಸರ್ಕಾರ ನಿಯಮ ಮಾಡಬೇಕು, ಹಣ ಇಡಬೇಕು ಎಂದು ಕೇಳುತ್ತ ತಿರುಗುವುದು ನಮ್ಮ ಕೆಲಸ. ನಾನು ನಿವೃತ್ತನಾಗುವ ಹೊತ್ತಿಗೆ ಹೊಸಬರಿಬ್ಬರು ಸೇರಿದ್ದರು. "ಈಶ್ವರಣ್ಣ, ನಿಮಗೆ ಗೊತ್ತಿದ್ದದ್ದೆಲ್ಲ ಬರ್ದಿಡಿ. ನೀವು ಹೋದ ಮೇಲೆ ನಾವು ಯಾರನ್ನ ಕೇಳೂದು?" ಎಂದರು. "ಹೋದ ಮೇಲೆ ಅಂದ್ರೆ ಮನೆಗಾ, ಮೇಲಕ್ಕಾ?" ಎಂದು ನಾನು ನಕ್ಕೆ. ಅವರು ನಗಲಿಲ್ಲ, ಒಂದು ಪೆನ್ನು ತಂದುಕೊಟ್ಟರು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೊನ್ನಾವರದ ಹತ್ತಿರ, ಬೇರೆಯವರ ತೆಂಗಿನ ಹಿತ್ತಲಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರು. ಅಪ್ಪ ಬೇರೆಯವರ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ಬಹಳ ಕಾಲ ಇರಲಿಲ್ಲ. ಹಿತ್ತಲಿನ ಧಣಿಗಳು ಕೆಟ್ಟವರೇನಲ್ಲ. "ಇಬ್ಬರೇ ಮಕ್ಕಳು, ಇಲ್ಲಿದ್ದು ಎಂತ ಮಾಡ್ತ್ರಿ?" ಎಂದು ಮೆತ್ತಗೇ ಕೇಳಿದರು. ಗುಡಿಸಲು ಬಿಚ್ಚಿದೆವು. ಅಲ್ಲಿ ಈಗ ಒಂದು ಸಾಲು ತೆಂಗು ಇದೆ.

ನಾನು ಭಟ್ಕಳದ ತೆಂಗಿನಗುಂಡಿ ಬಂದರಿಗೆ ಹೋಗಿ ಬೋಟು ಹತ್ತಿದೆ. ಬೋಟಿನಲ್ಲೇ ಕೆಲಸ, ಬೋಟಿನಲ್ಲೇ ನಿದ್ದೆ. ತಂಗಿ ನಾಗವೇಣಿ ಆಗ ಇನ್ನೂ ಲಂಗ ಹಾಕುವ ಹುಡುಗಿ. ಅವಳನ್ನು ಕುಮಟೆಯ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಕೆಲಸಕ್ಕೆ ಬಿಟ್ಟೆ. ಬಿಟ್ಟು ಹೊರಡುವಾಗ ನನ್ನ ಮುಖ ನೋಡಿ ಮಾಸ್ತರರ ಹೆಂಡತಿ ಹೇಳಿದ ಮಾತು ಈಗಲೂ ನೆನಪಿದೆ. "ನೀ ಎಂತಕ್ಕೆ ಅಳ್ತೆ ತಮಾ? ಇಲ್ಲಿ ಮನೆ ಮಗಳ ಹಂಗೆ ಇರ್ತಾಳೆ. ದೊಡ್ಡವಳಾದ ಮೇಲೆ ಮದುವೆನೂ ನಾವೇ ಮಾಡಿಸ್ತೇವೆ."

ನಮ್ಮ ಕರಾವಳಿಯಲ್ಲಿ ಈ ಮಾತು ಎಲ್ಲರಿಗೂ ಗೊತ್ತು. ಮನೆ ಮಗಳ ಹಾಗೆ. ಯಾರೂ ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಹೇಳುವವರಿಗೂ ಸಮಾಧಾನ, ಕೇಳುವವರಿಗೂ ಸಮಾಧಾನ. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೋಟಿನಲ್ಲಿ ಯಾರಾದರೂ ತಂಗಿಯ ವಿಷಯ ಕೇಳಿದರೆ, "ಕುಮಟೆಯಲ್ಲಿ ಮಾಸ್ತರರ ಮನೇಲಿ ಇದ್ದಾಳೆ, ಮನೆ ಮಗಳ ಹಂಗೆ" ಎಂದು ಜಂಬದಿಂದ ಹೇಳುತ್ತಿದ್ದೆ.

ಕೆಲವು ವರ್ಷ ಹೀಗೆ ಹೋಯಿತು. ಒಂದು ಮಳೆಗಾಲದಲ್ಲಿ, ಬೋಟುಗಳನ್ನೆಲ್ಲ ದಡಕ್ಕೆ ಎಳೆದಿದ್ದಾಗ, ಬಿಳಿ ಸೀರೆಯ ಮೇಲೆ ರೇನ್‌ಕೋಟು ಹಾಕಿಕೊಂಡ ಒಬ್ಬ ಹೆಂಗಸು ತೆಂಗಿನಗುಂಡಿಗೆ ಬಂದರು. ಅವರೇ ಫಿಲೋಮಿನಾ ಬಾಯಿ, ಮುಂದೆ ನನ್ನ ಮೇಲಧಿಕಾರಿ; ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಹುಡುಗರನ್ನು ಏನೋ ಕೇಳುತ್ತಿದ್ದರು. ಹುಡುಗರು ನಾಚಿಕೊಂಡು ನಗುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ಯಾರು ಯಾವ ಬೋಟಿನಡಿ ಮಲಗುತ್ತಾರೆ, ಯಾರನ್ನು ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ ಎಂದೆಲ್ಲ ಹೇಳಿದೆ. ಅವರು ಛತ್ರಿಯ ತುದಿಯಿಂದ ನನ್ನ ಹೊಟ್ಟೆಗೆ ತಿವಿದು, "ಇಷ್ಟು ಮಾತಾಡ್ತೀಯಲ್ಲ, ನಮ್ಮ ಆಫೀಸಿಗೆ ಬಾ" ಎಂದರು. ನನ್ನ ಸಂದರ್ಶನ ಅಷ್ಟೇ.

ಮೊದಲ ಕೆಲಸದಲ್ಲೇ ಎಡವಿದೆ. ಮೂರೂ ತಾಲೂಕಿನ ಬಸ್‌ಸ್ಟ್ಯಾಂಡು, ಬಂದರು, ಹೋಟೆಲು ತಿರುಗಿ ಮನೆಯಿಲ್ಲದ ಹುಡುಗರನ್ನು ಹುಡುಕಿ ಬಾ ಎಂದು ಕಳಿಸಿದರು. ನಾನು ಎಲ್ಲರನ್ನೂ "ನಿನ್ನ ಮನೆ ಎಲ್ಲಿ?" ಎಂದು ಕೇಳಿದೆ. ಒಬ್ಬ ಮಂಕಿ ಎಂದ, ಒಬ್ಬ ಶಿರಾಲಿ ಎಂದ, ಒಬ್ಬ ಸಂತೆಗುಳಿ ಎಂದ. ಎಲ್ಲರಿಗೂ ಮನೆ ಇತ್ತು. ನಾನು ಸಂತೋಷದಿಂದಲೇ ಹಿಂದಿರುಗಿ, "ಬಾಯಿ, ಯಾರೂ ಸಿಗಲಿಲ್ಲ" ಎಂದೆ.

"ಅರೆ ದೇವಾ! ಎಲ್ಲರಿಗೂ ಮನೆ ಉಂಟಾ? ಹಾಗಾದ್ರೆ ಆಫೀಸಿನ ಬಾಗಿಲು ಹಾಕುವಾ, ನಾನೂ ನೀನೂ ಕೂತು ಬಂಗಡೆ ಮೀನು ಮಾರುವಾ." ಆಮೇಲೆ ಸ್ವಲ್ಪ ತಣ್ಣಗಾಗಿ ಕೇಳಿದರು: "ನಾನು ತೆಂಗಿನಗುಂಡಿಗೆ ಬಂದ ದಿನ ನಿನ್ನ ಮನೆ ಎಲ್ಲಿ ಅಂತ ಕೇಳಿದ್ರೆ ನೀನು ಎಂತ ಹೇಳ್ತಿದ್ದೆ?"

ನಾನು ಊರಿನ ಹೆಸರು ಹೇಳುತ್ತಿದ್ದೆ. ಗುಡಿಸಲಿನ ಜಾಗದಲ್ಲಿ ತೆಂಗು ನೆಟ್ಟಿದ್ದ ಆ ಊರಿನ ಹೆಸರನ್ನೇ.

ಅಂದಿನಿಂದ ಪ್ರಶ್ನೆ ಬದಲಾಯಿತು. "ನಿನ್ನೆ ಎಲ್ಲಿ ಮಲಗಿದ್ದೆ?" ಇಷ್ಟೇ. ಇದಕ್ಕೆ ಯಾರೂ ಊರಿನ ಹೆಸರು ಹೇಳುವುದಿಲ್ಲ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ. ಮರ್ಯಾದೆ ಇರುವ ಹುಡುಗ ತನಗೆ ಮನೆ ಇಲ್ಲ ಎಂದು ನಿಮ್ಮ ಮುಂದೆ ಹೇಳುವುದಿಲ್ಲ.

ಎರಡನೆಯ ತಪ್ಪಿಗೆ ಇಡೀ ತೆಂಗಿನಗುಂಡಿ ನಕ್ಕಿತು. ಜಿಲ್ಲೆಯಿಂದ ಬಂದ ಅಧಿಕಾರಿಯೊಬ್ಬರಿಗೆ ಹುಡುಗರ ಸ್ಥಿತಿ ತೋರಿಸಬೇಕೆಂದು ಚಳಿಗಾಲದಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಆ ಕಾಲದಲ್ಲಿ ಹುಡುಗರೆಲ್ಲ ಬೋಟು ಹತ್ತಿ ಕಡಲಿನಲ್ಲಿರುತ್ತಾರೆ. ದಡದಲ್ಲಿ ಬಲೆ ಹೊಲಿಯುವ ಮುದುಕರು ಮಾತ್ರ. ಸಾಹೇಬರು ಗಾಳಿ ತಿಂದು, ಹುರಿದ ಮೀನು ತಿಂದು, ಎಲ್ಲ ಚೆನ್ನಾಗಿದೆ ಎಂದು ಬರೆದುಕೊಂಡು ಹೋದರು. ಮುಂದೆ ಎಷ್ಟೋ ದಿನ ಹುಡುಗರು ನನ್ನನ್ನು ಕಂಡಾಗಲೆಲ್ಲ, "ಈಶ್ವರಣ್ಣ, ಸಾಹೇಬ್ರಿಗೆ ಕಡಲು ತೋರ್ಸುಕೆ ಕರ್ಕಂಡು ಬಂದಿದ್ರಿ ಅಲ್ದಾ? ಮುಂದಿನ ಸಲ ಒಂದು ಚಡ್ಡಿನೂ ತರುಕೆ ಹೇಳಿ, ಕಡಲಲ್ಲೇ ಮೀಸುವಾ" ಎಂದು ಕಾಡುತ್ತಿದ್ದರು.

ನಮ್ಮ ಬದಿಯ ಈ ಕಷ್ಟಕ್ಕೆ ಕಾಲ ಇದೆ. ಬೇಸಿಗೆಯಲ್ಲಿ ಬೋಟು ಇದೆ, ಗೋಕರ್ಣದ ಬದಿಯ ಬೀಚುಗಳಲ್ಲಿ ಕೆಲಸ ಇದೆ, ಕೆಲಸ ಇದ್ದಲ್ಲಿ ಮಲಗಲು ಜಾಗವೂ ಇರುತ್ತದೆ. ಮಳೆ ಹಿಡಿಯಿತೆಂದರೆ ಬೋಟು ನಿಲ್ಲುತ್ತದೆ, ಬೀಚಿನ ಅಂಗಡಿಗಳಿಗೆ ತಾಡಪಾಲು ಬೀಳುತ್ತದೆ. ಜಾಗ ಬೇಕಾದ ಹೊತ್ತಿಗೆ ಸರಿಯಾಗಿ ಜಾಗ ತಪ್ಪುತ್ತದೆ. ಸರ್ಕಾರದ ಸಮೀಕ್ಷೆಗಳೆಲ್ಲ ರಸ್ತೆ ಒಣಗಿದ್ದಾಗ ನಡೆಯುತ್ತಿದ್ದವು. ಸಮೀಕ್ಷೆ ಮಳೆಗಾಲದಲ್ಲಿ ಆಗಬೇಕು ಎಂಬ ಒಂದೇ ಮಾತನ್ನು ಒಪ್ಪಿಸಲು ನಮಗೆ ಎಷ್ಟೋ ವರ್ಷ ಹಿಡಿಯಿತು.

ಬೆಂಗಳೂರಿನಿಂದ ತರಬೇತಿ ಕೊಡಲು ಬಂದವರು ನಮ್ಮ ಕೆಲಸಕ್ಕೆ 'ವಕಾಲತ್ತು' ಎಂದು ಹೆಸರಿಟ್ಟು ಹೋದರು. ಬಾಯಿ ಅದನ್ನೇ ಬೋರ್ಡಿನಲ್ಲಿ ಬರೆಸಿದರು. ಮರುವಾರವೇ ಹಳದೀಪುರದ ಕಡೆಯ ಯಜಮಾನರೊಬ್ಬರು ಗಡಿ ತಕರಾರಿನ ಕಾಗದಗಳ ಗಂಟು ಹಿಡಿದು ಬಂದರು. ನಾನು ವಕೀಲ ಅಲ್ಲ ಎಂದರೂ ಕೇಳಲಿಲ್ಲ. "ಫೀಸು ಎಷ್ಟಾದ್ರೂ ಅಡ್ಡಿಲ್ಲ, ತಮ್ಮನ್ನ ಸೋಲ್ಸಬೇಕು" ಎಂದು ಕುಳಿತೇಬಿಟ್ಟರು. ಬೋರ್ಡು ಇಳಿಸಿದೆವು.

ಜನಪ್ರತಿನಿಧಿಗಳನ್ನು ಎಲ್ಲಿ ಹಿಡಿಯಬೇಕು ಎಂದು ಹೊಸಬರು ಕೇಳುತ್ತಾರೆ. ಕಚೇರಿಯಲ್ಲಿ ಹುಡುಕಬೇಡಿ, ಮದುವೆ ಚಪ್ಪರದಲ್ಲಿ ಹುಡುಕಿ. ಊಟಕ್ಕೆ ಕುಳಿತವರು ಎದ್ದು ಹೋಗುವ ಹಾಗಿಲ್ಲ. ಅನ್ನ ಸಾರಿನಲ್ಲಿ ಮಾತು ಆರಂಭಿಸಿದರೆ ಪಾಯಸಕ್ಕೆ ಮುಗಿಸಬಹುದು. ಒಂದು ಬೇಸಿಗೆಯಲ್ಲಿ, ಯಾರ ಮದುವೆ ಎಂದು ಸರಿಯಾಗಿ ಗೊತ್ತಿಲ್ಲದ ಚಪ್ಪರದಲ್ಲೂ ನಾನು ಉಂಡಿದ್ದೇನೆ. ಈಗಿನವರು ವಾಟ್ಸಾಪಿನಲ್ಲಿ ಮನವಿ ಕಳಿಸುತ್ತಾರೆ, ಎರಡು ನೀಲಿ ಗೆರೆ ಬಂದರೆ ಕೆಲಸವಾಯಿತು ಎಂದುಕೊಳ್ಳುತ್ತಾರೆ. ನೋಡಿದವರೆಲ್ಲ ಓದಿದ್ದಾರೆಂದು ನಂಬಬೇಡಿ.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಗುವ ಸಂಗತಿಗಳನ್ನು ಬರೆದದ್ದು ಅದನ್ನು ಮುಂದೂಡಲಿಕ್ಕೇ ಇರಬೇಕು.

ನನಗೆ ಮದುವೆಯಾಗಿ, ಹೊನ್ನಾವರದಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಗೋದಾಮಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆವು. ಹೆಂಡತಿ ಗೀತಾ ಮೊದಲ ಹೆರಿಗೆಗೆ ತವರಿಗೆ ಹೋಗಿದ್ದಳು. ಒಂದು ದಿನ ಕೆಲಸದಿಂದ ಬಂದು ನೋಡಿದರೆ ನಾಗು ಮೆಟ್ಟಿಲ ಮೇಲೆ ಕುಳಿತಿದ್ದಳು. ಬಟ್ಟೆಯ ಚೀಲ ತೊಡೆಯ ಮೇಲಿತ್ತು. ಆಗ ಅವಳಿಗೆ ಇಪ್ಪತ್ತರ ಆಸುಪಾಸು.

"ಅಣ್ಣ, ನಾ ಅಲ್ಲಿಗೆ ಹೋಗೂದಿಲ್ಲ."

"ಯಾರಾದ್ರೂ ಹೊಡೆದ್ರಾ?"

"ಇಲ್ಲ."

"ಕೆಟ್ಟದಾಗಿ ಎಂತಾದ್ರೂ…?"

"ಹಂಗೆಂತದೂ ಇಲ್ಲ ಅಣ್ಣ. ನಂಗೆ ಅಲ್ಲಿ ಇರೂಕೆ ಆಗುದಿಲ್ಲ, ಅಷ್ಟೇ."

ಅವಳು ಮನೆಯೊಳಗೆ ನೋಡಿದಳು. ಸ್ಟೋವಿನ ಪಕ್ಕದ ಮೂಲೆಯತ್ತ ಕೈ ತೋರಿಸಿ, "ಆ ಮೂಲೆ ಸಾಕು ನಂಗೆ" ಎಂದಳು.

ಮೂಲೆ ಇತ್ತು. ಆದರೆ ನಾನು ಲೆಕ್ಕ ಹಾಕಿದ್ದು ಬೇರೆ. ಕೋಣೆ ಒಂದೇ, ಮಗು ಬರುತ್ತದೆ. ಮಾಸ್ತರರಂಥ ದೊಡ್ಡ ಮನುಷ್ಯರನ್ನು ಎದುರು ಹಾಕಿಕೊಳ್ಳುವುದು ಹೇಗೆ? ಮದುವೆ ಮಾಡಿಸುತ್ತೇವೆ ಎಂದಿದ್ದಾರೆ, ಅದು ತಪ್ಪಿದರೆ? ಹೊಡೆದಿಲ್ಲ, ಬೈದಿಲ್ಲ, ಮತ್ತೆ ಇವಳಿಗೆ ಏನು ತೊಂದರೆ? ಎರಡು ದಿನ ಇಟ್ಟುಕೊಂಡೆ. ಮೂರನೆಯ ದಿನ, "ನಾಗು, ಅವ್ರು ನಿನ್ನ ಮನೆ ಮಗಳ ಹಂಗೆ ನೋಡ್ಕಂತ್ರು. ಎಂತದೋ ಸಣ್ಣ ಮಾತಿಗೆ ಸಿಟ್ಟು ಮಾಡ್ಕಣೂದಾ? ನಡಿ, ನಾ ಬಂದು ಮಾತಾಡ್ತೆ" ಎಂದೆ.

ಅವಳು ಚೀಲ ಎತ್ತಿಕೊಂಡಳು. ಬಸ್ಸಿನಲ್ಲಿ ಕುಮಟೆಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಮಾಸ್ತರರ ಮನೆಯಲ್ಲಿ ನನಗೆ ಚಹಾ ಕೊಟ್ಟರು. ಆ ಚಹಾ ಮಾಡಿ ತಂದವಳು ಅವಳೇ. ಮಾತಾಡುತ್ತೇನೆ ಎಂದಿದ್ದೆನಲ್ಲ, ಏನೂ ಮಾತಾಡಲಿಲ್ಲ. ಲೋಟ ಕೆಳಗಿಟ್ಟು, ನಮಸ್ಕಾರ ಮಾಡಿ ಬಂದೆ. ಅವಳು ಕೇಳಿದ ಆ ಮೂಲೆಯಲ್ಲಿ ಮುಂದೆ ನಾವು ಅಕ್ಕಿ ಚೀಲ ಇಟ್ಟುಕೊಂಡೆವು.

ಅದೇ ವಾರ ಕಾರವಾರದಲ್ಲಿ ಸಭೆ. ಫಿಲೋಮಿನಾ ಬಾಯಿಗೆ ಜ್ವರ ಬಂದು ನನ್ನನ್ನು ಕಳಿಸಿದ್ದರು. ಹೊನ್ನಾವರದಲ್ಲಿ ಖಾಲಿ ಬಿದ್ದಿದ್ದ ಒಂದು ಸರ್ಕಾರಿ ಕಟ್ಟಡವನ್ನು ವಸತಿಗೃಹ ಮಾಡುವ ಪ್ರಸ್ತಾವ ನಮ್ಮದು. ಅಧಿಕಾರಿ ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ಎಲ್ಲ ಓದಿ, ಪೆನ್ನು ಹಿಡಿದುಕೊಂಡು ತಲೆ ಎತ್ತಿದರು.

"ಗಂಡು ಹುಡುಗರ ವಿಷಯ ತಿಳೀತು. ಹೆಣ್ಣಮಕ್ಕಳದು ಹೆಂಗ್ರಿ? ಅವರಿಗೂ ಎರಡು ಖೋಲಿ ಸೇರಿಸಿ ಬರೀಲೇನು?"

ಇದಕ್ಕಿಂತ ಸುಲಭವಾಗಿ ಯಾರೂ ಕೇಳಲಾರರು. ನಾನು ಹೌದು ಎಂದಿದ್ದರೆ ಸಾಕಿತ್ತು. ನಾನು ಹೇಳಿದ್ದು ಇದು:

"ನಮ್ಮ ಬದಿಗೆ ಹೆಣ್ಣುಮಕ್ಕಳು ಹೊರಗೆ ಮಲಗೂದಿಲ್ಲ ಸಾರ್. ಯಾರದಾದ್ರೂ ಮನೇಲಿ ಮನೆ ಮಗಳ ಹಂಗೆ ಇರ್ತ್ರು."

"ಹಂಗಿದ್ರ ಚಲೋ ಆತಲ್ಲ" ಎಂದು ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. ಟಕ್ ಎಂದಿತು.

ನಾನು ಯಾಕೆ ಹಾಗೆಂದೆ? ಬಹಳ ಸಲ ಯೋಚಿಸಿದ್ದೇನೆ. ಇಂಥ ಹುಡುಗಿಯರು ಇದ್ದಾರೆ ಎಂದು ಅಲ್ಲಿ ಒಪ್ಪಿಕೊಂಡರೆ, ಮೊನ್ನೆ ನಾನು ಬಿಟ್ಟು ಬಂದವಳು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ನಾನೇ ಕೇಳಿಕೊಳ್ಳಬೇಕಾಗುತ್ತಿತ್ತು.

ಮಂಜೂರಾತಿ ಬಂತು, 'ಯುವಕರ ವಸತಿಗೃಹ' ಎಂದು. ಬಾಯಿ ಕಾಗದ ಓದಿ ಕನ್ನಡಕ ತೆಗೆದರು. ಏನು ನಡೆಯಿತೆಂದು ಹೇಳಿದೆ. ಅವರು ಬೈಯಲಿಲ್ಲ. "ಮನೆ ಮಗಳ ಹಾಗೆ ಅಂತ ಹೇಳಿದ್ಯಾ. ಯಾರ ಮನೆಯಲ್ಲಿ ಈಶ್ವರ? ನೀನು ನೋಡಿದ್ದೀಯಾ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ವಸತಿಗೃಹ ತೆರೆದ ವರ್ಷವೇ ಒಬ್ಬ ಹುಡುಗಿ ಚೀಲ ಹಿಡಿದು ಬಾಗಿಲಿಗೆ ಬಂದಳು. ಕಾಗದದಲ್ಲಿ ಗಂಡು ಹುಡುಗರಿಗೆ ಮಾತ್ರ ಎಂದಿತ್ತು. ನಾನು ಅಲ್ಲೇ ಇದ್ದೆ. ನಾನು ಅವಳಿಗೆ ಏನು ಮಾಡಿದೆ ಗೊತ್ತೇ? ಭಟ್ಕಳದ ಒಂದು ಮನೆಯ ವಿಳಾಸ ಕೊಟ್ಟು ಕಳಿಸಿದೆ. ಒಳ್ಳೆಯ ಜನ, ಮನೆ ಮಗಳ ಹಾಗೆ ನೋಡಿಕೊಳ್ಳುತ್ತಾರೆ ಎಂದು ಧೈರ್ಯವನ್ನೂ ಹೇಳಿದೆ. ಅವಳ ಹೆಸರು ನನಗೆ ಈಗ ನೆನಪಿಲ್ಲ. ಆಮೇಲೆ ಅವಳು ಏನಾದಳೋ ಗೊತ್ತಿಲ್ಲ.

ಕೆಲವು ವರ್ಷ ಕಳೆದು ಮಾಸ್ತರರು ತೀರಿಕೊಂಡರು. ನಾಗುವಿನ ಮದುವೆ ಮಾತಿನಲ್ಲೇ ಉಳಿದಿತ್ತು. ಮಕ್ಕಳು ಅಮ್ಮನನ್ನು ತಮ್ಮ ಜೊತೆಗೆ ಕರೆದುಕೊಂಡು ಹೋಗಿ ಮನೆ ಮಾರಿದರು. ಇದು ನನಗೆ ತಿಳಿದದ್ದು ತಡವಾಗಿ, ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ ಮೇಲೆ. ನಾಗು ನನಗೆ ಹೇಳಿ ಕಳಿಸಿರಲಿಲ್ಲ. ನನ್ನ ಬಾಗಿಲಿಗೂ ಬಂದಿರಲಿಲ್ಲ. ವಿಚಾರಿಸಿದೆ, ಸಿಗಲಿಲ್ಲ. ವಿಚಾರಿಸಿದ್ದು ಸಾಕಷ್ಟಾಗಿರಲಿಲ್ಲ ಎನ್ನುವುದೂ ನಿಜ.

ಆ ವರ್ಷ ಮೊದಲ ಸಲ ಮಳೆಗಾಲದ ಸಮೀಕ್ಷೆಗೆ ಒಪ್ಪಿಗೆ ಸಿಕ್ಕಿತ್ತು. ನನ್ನ ಪಾಲಿಗೆ ಗೋಕರ್ಣದ ಬದಿ ಬಂದಿತ್ತು. ಓಂ ಬೀಚಿಗೆ ಇಳಿಯುವ ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿತ್ತು. ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಗೆಸ್ಟ್ ಹೌಸಿನ ಅಡುಗೆಮನೆಯಿಂದ ಮಾತ್ರ ಹೊಗೆ ಬರುತ್ತಿತ್ತು. ಮಳೆಗಾಲ ಮುಗಿಯುವವರೆಗೆ ಕಾವಲಿಗೆಂದು ಮಾಲೀಕರು ಮೂರು ಹುಡುಗಿಯರನ್ನು ಅಲ್ಲಿ ಬಿಟ್ಟಿದ್ದರು. ಸಂಬಳ ಇಲ್ಲ, ಇರಲು ಜಾಗ ಕೊಟ್ಟದ್ದೇ ಸಂಬಳ. ಬಾಗಿಲಲ್ಲಿದ್ದ ಹುಡುಗಿಯನ್ನು ನಾನು ನನ್ನ ಪ್ರಶ್ನೆ ಕೇಳಿದೆ.

"ನಿನ್ನೆ ಎಲ್ಲಿ ಮಲಗಿದ್ದೆ ತಂಗಿ?"

ಒಲೆಯ ಮುಂದೆ ಬೆನ್ನು ಹಾಕಿ ಕುಳಿತಿದ್ದವಳು ತಿರುಗದೆಯೇ, "ನನ್ನ ಕೇಳುದಿಲ್ವಾ, ಅಣ್ಣ?" ಎಂದಳು.

ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ. "ನಾಗು, ಮನೆಗೆ ಬಾ" ಎಂದೆ.

"ಎಂತಕ್ಕೆ? ಮತ್ತೆ ಬಿಟ್ಟು ಬರೂಕಾ?"

ಉಳಿದ ಹುಡುಗಿಯರು ನಕ್ಕರು, ಅವರಿಗೆ ಗೊತ್ತಿರಲಿಲ್ಲ. ನಾಗು ನನಗೆ ಕುಡಿಯಲು ಬಿಸಿ ಗಂಜಿ ತಿಳಿ ಕೊಟ್ಟಳು. ನಾನು ಕೇಳಬಾರದ್ದನ್ನು ಆಗ ಕೇಳಿದೆ: "ಅವತ್ತು ಅಲ್ಲಿ ಅಂಥದ್ದು ಎಂತಾಗಿತ್ತೆ? ಅವ್ರು ನಿನ್ನ ಮನೆ ಮಗಳ ಹಂಗೆ…"

ಅವಳು ಸೌಟು ಕೆಳಗಿಟ್ಟಳು.

"ಅವರ ಮನೆ ಮಗಳು ರಜೆಗೆ ಬಂದಾಗ ಸಿಟ್ಟು ಬಂದ್ರೆ ಊಟ ಬಿಟ್ಟು ಬಾಗ್ಲು ಹಾಕ್ಕಂಡು ಮಲಗ್ತಿತ್ತು ಅಣ್ಣ. ಅಮ್ಮ ಬಾಗ್ಲ ಹೊರಗೆ ನಿಂತು ಪುಸಲಾಯಿಸೂದು, ಮಾಸ್ತರರು ಬಂದು ಪುಸಲಾಯಿಸೂದು. ನಾ ಒಂದಿನ ಊಟ ಬಿಟ್ಟೆ. ಎಂತ ಅಂದ್ರು ಗೊತ್ತಾ? 'ಇಲ್ಲಿ ಇರೂಕೆ ಮನಸ್ಸಿಲ್ದಿದ್ರೆ ನಿನ್ನ ಮನೆಗೆ ಹೋಗು' ಅಂದ್ರು. ಅದಕ್ಕೇ ನಿನ್ನ ಮನೆಗೆ ಬಂದಿದ್ದೆ."

ಅಂದು ನಾನು ಮೆಟ್ಟಿಲು ಹತ್ತಿ ವಾಪಸು ಹೋದೆ. ಅವಳು ಬರಲಿಲ್ಲ. ಮಳೆ ಮುಗಿದ ಮೇಲೆ ಕುಮಟೆಯಲ್ಲಿ ಒಂದು ಊಟದ ಮೆಸ್ಸಿನಲ್ಲಿ ಅಡುಗೆಗೆ ಸೇರಿ, ಹೆದ್ದಾರಿಯ ಪಕ್ಕದಲ್ಲಿ ಕೋಣೆ ಹಿಡಿದಳು.

ಅವಳ ಆ ಮಾತಿನಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಹುಡುಗಿಯರನ್ನು ನಿನ್ನೆ ಎಲ್ಲಿ ಮಲಗಿದ್ದೆ ಎಂದು ಕೇಳಿ ಉಪಯೋಗವಿಲ್ಲ, ಎಲ್ಲರೂ ಒಂದು ಸೂರಿನಡಿಯೇ ಮಲಗಿರುತ್ತಾರೆ. ನಾವು ಕೇಳತೊಡಗಿದೆವು: "ಅಲ್ಲಿ ಯಾವತ್ತಾದ್ರೂ ಸಿಟ್ಟು ಮಾಡ್ಕಂಡು ಊಟ ಬಿಟ್ಟು ಮಲಗಿದ್ಯಾ? ಆಮೇಲೆ ಎಂತಾತು?" ಕೆಲವರು ನಗುತ್ತಿದ್ದರು. ಕೆಲವರು ಸುಮ್ಮನೆ ನೆಲ ನೋಡುತ್ತಿದ್ದರು. ಊಟ ಬಿಡುವಷ್ಟು ಧೈರ್ಯ ಇಲ್ಲದ ಹುಡುಗಿಯರು ಮೂರೂ ತಾಲೂಕಿನಲ್ಲಿ ಇದ್ದರು, ನಾನು ಹತ್ತಾರು ವರ್ಷ ಚಹಾ ಕುಡಿದು ಬಂದ ಮನೆಗಳಲ್ಲೂ ಇದ್ದರು.

ಹುಡುಗಿಯರ ವಸತಿಗೆ ಹಣ ಕೇಳಲು ಮತ್ತೆ ಸಭೆಗಳು ಆರಂಭವಾದವು. ಒಂದು ಸಭೆಯಲ್ಲಿ ನಾನು ಈ ಪ್ರಶ್ನೆಯನ್ನು ವಿವರಿಸಿದಾಗ ಒಬ್ಬ ಪಂಚಾಯತಿ ಸದಸ್ಯರು ಹೊಟ್ಟೆ ಕುಲುಕಿಸಿ ನಕ್ಕರು. "ಹೆಣ್ಣುಮಕ್ಕಳಿಗೆ ಸಿಟ್ಟು ಮಾಡ್ಕಣೂಕೂ ಸರ್ಕಾರವೇ ದುಡ್ಡು ಕೊಡ್ಬೇಕನಾ ಮಾರಾಯ?"

ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಸದಸ್ಯೆ ಮಾತ್ರ ನಗದೆ, "ನಿಮ್ಮ ಮಗಳು ಮೊಬೈಲ್ ಕೊಡಿಸಲಿಲ್ಲ ಅಂತ ಎರಡು ಹೊತ್ತು ಉಣ್ಣಲಿಲ್ಲ ಅಂತ ಈಗಷ್ಟೇ ಹೇಳಿದ್ರಿ. ಅವಳು ಎಲ್ಲಿ ಮಲಗಿದ್ಲು?" ಎಂದು ಕೇಳಿದರು.

"ಎಲ್ಲಿ ಅಂದ್ರೆ? ನಮ್ಮನೇಲೇ."

"ಅಷ್ಟೇ. ಅಂಥ ಜಾಗವನ್ನೇ ಇವ್ರು ಕೇಳ್ತಿದ್ದದ್ದು."

ಆದರೂ ಹಣ ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಮೂರು ಜನ ಅಧಿಕಾರಿಗಳು ಬದಲಾದರು, ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದೆ. ನಡುವೆ ಬಾಯಿ ತೀರಿಕೊಂಡರು. ಕೊನೆಗೂ ಕುಮಟೆಯಲ್ಲಿ ಹುಡುಗಿಯರ ವಸತಿಗೃಹ ಆಯಿತು. ಅದರ ನಿಯಮಗಳಲ್ಲಿ, ಊಟ ಮಾಡಲಿಲ್ಲ, ಎದುರು ಮಾತಾಡಿದಳು, ಜಗಳ ಮಾಡಿದಳು ಎಂಬ ಕಾರಣಕ್ಕೆ ಯಾರನ್ನೂ ಹೊರಗೆ ಹಾಕಬಾರದು ಎಂದು ಬರೆಸಿದ್ದೇನೆ. ದಯವಿಟ್ಟು ಅದನ್ನು ತೆಗೆಯಲು ಯಾರಿಗೂ ಬಿಡಬೇಡಿ.

ಆದರೆ ಆ ಎಲ್ಲ ಸಭೆಗಳಲ್ಲಿ, ತರಬೇತಿಗಳಲ್ಲಿ, ಚಪ್ಪರಗಳಲ್ಲಿ, ನಾನು ನಾಗುವಿನ ಮಾತನ್ನು ಹೇಳುವಾಗ "ಕುಮಟೆಯ ಬದಿಯ ಒಬ್ಬಳು ಹುಡುಗಿ ಹೇಳಿದ್ದು" ಎಂದೇ ಹೇಳಿದೆ. ಯಾರು ಆ ಹುಡುಗಿ ಎಂದು ಕೇಳಿದರೆ, ಹೆಸರು ಹೇಳಬಾರದು ಎನ್ನುತ್ತಿದ್ದೆ. ಅದು ನಮ್ಮ ಕೆಲಸದ ನಿಯಮವೂ ಹೌದು. ನಾನು ಆ ನಿಯಮದ ಹಿಂದೆ ಅಡಗಿಕೊಂಡಿದ್ದೆ.

ಹೆದ್ದಾರಿ ಅಗಲ ಮಾಡುವಾಗ ಕುಮಟೆಯಲ್ಲಿ ನಾಗುವಿನ ಕೋಣೆ ಇದ್ದ ಕಟ್ಟಡ ಹೋಯಿತು. ಆ ಹೊತ್ತಿಗೆ ನಾವು ಹೊನ್ನಾವರದಲ್ಲಿ ಸಣ್ಣದೊಂದು ಸ್ವಂತ ಮನೆ ಕಟ್ಟಿಕೊಂಡಿದ್ದೆವು. ಗೀತಾ ಯಾರನ್ನೂ ಕೇಳದೆ ಕುಮಟೆಗೆ ಹೋಗಿ ಅವಳನ್ನು ಕರೆದುಕೊಂಡು ಬಂದಳು. ಕರೆತಂದವನು ನಾನಲ್ಲ. ಇದನ್ನೂ ಬರೆದಿಡಬೇಕು.

ನಾಗು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಹಾಕಿದ್ದನ್ನು ಉಣ್ಣುತ್ತಿದ್ದಳು, ಉಂಡ ತಟ್ಟೆಯನ್ನು ಆಗಲೇ ತೊಳೆದಿಡುತ್ತಿದ್ದಳು. ಬಟ್ಟೆ ಇಡಲು ಗೀತಾ ಕಪಾಟಿನಲ್ಲಿ ಜಾಗ ಮಾಡಿಕೊಟ್ಟರೂ ಚೀಲದಲ್ಲೇ ಇಟ್ಟುಕೊಂಡಿದ್ದಳು. ಯಾವ ಮಾತಿಗೂ "ಆತು ಅಣ್ಣ", "ಆತು ಅತ್ತಿಗೆ". ನೆಂಟರು ಬಂದವರು, "ಎಷ್ಟು ಒಳ್ಳೆ ತಂಗಿ ಮಾರಾಯ ನಿಂದು" ಎನ್ನುತ್ತಿದ್ದರು. ನನಗೆ ಮಾತ್ರ ನನ್ನದೇ ಪ್ರಶ್ನೆ ಕಿವಿಯಲ್ಲಿ ಕೇಳುತ್ತಿತ್ತು. ಅವಳು ಒಂದು ದಿನವೂ ಸಿಟ್ಟು ಮಾಡಲಿಲ್ಲ.

ನನ್ನ ಬೀಳ್ಕೊಡುಗೆ ಕಾರ್ಯಕ್ರಮಕ್ಕೆ ಗೀತಾ ಮತ್ತು ನಾಗು ಇಬ್ಬರೂ ಬಂದಿದ್ದರು. ಶಾಲು ಹೊದೆಸಿದರು, ಹಾರ ಹಾಕಿದರು, ಇರುವುದನ್ನೂ ಇಲ್ಲದ್ದನ್ನೂ ಹೊಗಳಿದರು. ಕೊನೆಗೆ ನನಗೆ ಮೈಕು ಕೊಟ್ಟರು. ನಾನು ಎಂದಿನಂತೆ ಹೇಳಿದೆ: "ನಮ್ಮ ಈ ಕೆಲಸಕ್ಕೆ ದಾರಿ ತೋರಿಸಿದ್ದು ಒಬ್ಬಳು ಹುಡುಗಿ. ಕುಮಟೆಯ ಬದಿಯವಳು. ಹೆಸರು ಬೇಡ." ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ನಾಗು ಎದ್ದು ಹೊರಗೆ ಹೋಗುವುದು ಕಾಣಿಸಿತು.

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಗೀತಾ ಬೆಳಿಗ್ಗೆಯೇ ಪಾಯಸ ಮಾಡಿಟ್ಟಿದ್ದಳು. ಮೂರು ತಟ್ಟೆ ಹಾಕಿದಳು. ನಾಗು ಅಡುಗೆಮನೆಯ ಬಾಗಿಲವರೆಗೆ ಬಂದು, ನನ್ನ ಮುಖ ನೋಡಿ, "ನಂಗೆ ಊಟ ಬೇಡ" ಎಂದಳು. ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು. ಬರಿಯ ಹಾಕಿಕೊಂಡದ್ದಲ್ಲ, ಬಡಿದದ್ದು.

ಗೀತಾ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಆಮೇಲೆ ನಾಗುವಿನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು, "ನಾ ಕರ್ದ್ರೆ ಬರುದಿಲ್ಲ ಅವಳು. ನೀವೇ ಹೋಗಿ" ಎಂದಳು.

ಕೈಯಲ್ಲಿದ್ದ ತುತ್ತು ತಟ್ಟೆಗೇ ಹಾಕಿ ಎದ್ದೆ. ಆ ಬಾಗಿಲ ಮುಂದೆ ನಿಂತಾಗ ನಗು ಬರುತ್ತಿತ್ತು, ಯಾಕೆಂದು ನಿಮಗೆ ಗೊತ್ತು. ಗೀತಾಗೂ ಕೇಳಿಸಲಿ, ಪಕ್ಕದ ಮನೆಯವರಿಗೆ ಕೇಳಿಸಿದರೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ನಾಗು, ನೀ ಊಟ ಮಾಡ್ಬೇಡ, ಬಾಗ್ಲು ಹಾಕ್ಕಂಡೇ ಇರು. ನಾ ಹೇಳೂದು ಕೇಳು ಸಾಕು. ಅವತ್ತು ನೀ ಮೂಲೆ ಕೇಳಿದ್ದೆ. ಮೂಲೆ ಇತ್ತು, ನಾ ಕೊಡ್ಲಿಲ್ಲ. ನಿನ್ನ ಕರ್ಕಂಡು ಹೋಗಿ ಬಿಟ್ಟು ಬಂದೆ, ಚಹಾ ಕುಡ್ದು ಬಂದೆ. ಕಾರವಾರದಲ್ಲಿ ನಿನ್ನಂಥವರು ಇಲ್ಲವೇ ಇಲ್ಲ ಅಂದೆ. ಇವತ್ತೂ ಎಲ್ಲರ ಮುಂದೆ ಒಬ್ಬಳು ಹುಡುಗಿ ಅಂದೆ. ಒಬ್ಬಳು ಹುಡುಗಿ ಅಲ್ಲ. ನನ್ನ ತಂಗಿ. ತಪ್ಪಾತು ನಾಗು. ನನ್ನಿಂದ ತಪ್ಪಾತು."